ಬಾರದೆ ಉಳಿದ ಚೀಟಿಗಳು

ಈ ವರ್ಷದ ವಸಂತದಲ್ಲಿ ಹಿಲ್ಸ್‌ಬರೋದ ತಮ್ಮ ಮನೆಯಲ್ಲಿ ತೀರಿಕೊಂಡ ಹಿರಿಯರೊಬ್ಬರ ಬಗ್ಗೆ ಬರೆಯಲು ಕುಳಿತಿದ್ದೇನೆ. ಅವರ ಹೆಸರನ್ನು ಬರೆಯುವುದಿಲ್ಲ. ಅದು ಅವರೇ ಹಾಕಿದ ಷರತ್ತು. ನಮ್ಮ ಯುವ ನಾಯಕತ್ವ ಕಾರ್ಯಕ್ರಮಕ್ಕೆ ಮೂರು ವರ್ಷದ ಅನುದಾನ ಕೊಡಲು ಒಪ್ಪಿದ ದಿನ, ಒಪ್ಪಂದ ಪತ್ರದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಾಲು ಸೇರಿಸಿದ್ದರು: ‘ನನ್ನ ಹೆಸರು ಎಲ್ಲಿಯೂ ಬೇಡ. ಮಕ್ಕಳ ಹೆಸರು ಒಂದೂ ಬಿಟ್ಟುಹೋಗಬಾರದು.’ ಆ ಎರಡನೆಯ ವಾಕ್ಯವನ್ನು ನಾನು ಆಗ ಸೌಜನ್ಯದ ಮಾತೆಂದು ಓದಿ ಮುಂದೆ ಹೋದೆ. ಅದು ಕೆಲಸದ ನಿಯಮವಾಗಿತ್ತು.

ಆ ಕಾರ್ಯಕ್ರಮ ಏನೆಂಬುದನ್ನು ಮೊದಲು ಹೇಳಬೇಕು. ಉತ್ತರಕ್ಕೆ ಪಾರ್ಸಿಪನಿಯಿಂದ ದಕ್ಷಿಣಕ್ಕೆ ಪ್ರಿನ್ಸ್‌ಟನ್‌ವರೆಗೆ ಹರಡಿಕೊಂಡ ಊರುಗಳ ಹೈಸ್ಕೂಲು ಮಕ್ಕಳಲ್ಲಿ ವರ್ಷಕ್ಕೆ ಇಪ್ಪತ್ತನಾಲ್ಕು ಮಂದಿಯನ್ನು ತೆಗೆದುಕೊಳ್ಳುತ್ತೇವೆ. ಊರಿನ ಆಡಳಿತ ಹೇಗೆ ನಡೆಯುತ್ತದೆ, ಬಜೆಟ್ಟನ್ನು ಯಾರು ಬರೆಯುತ್ತಾರೆ, ಊರಾಡಳಿತ ಮಂಡಳಿಯ ಟೌನ್‌ಶಿಪ್ ಸಭೆಯಲ್ಲಿ ಸಾರ್ವಜನಿಕರಿಗೆ ಸಿಗುವ ಮೂರು ನಿಮಿಷಗಳಲ್ಲಿ ಎದ್ದು ನಿಂತು ಏನು ಹೇಳಬಹುದು ಎಂಬುದನ್ನು ಶನಿವಾರಗಳಂದು ಕಲಿಸುತ್ತೇವೆ. ಬೇಸಿಗೆಯಲ್ಲಿ ಯಾವುದಾದರೊಂದು ಸಾರ್ವಜನಿಕ ಕಚೇರಿಯಲ್ಲಿ ಕೆಲಸಕ್ಕೆ ಸೇರಿಸುತ್ತೇವೆ. ವರ್ಷವಿಡೀ ಸ್ಟೈಪೆಂಡ್ ಕೊಡುತ್ತೇವೆ. ಸ್ಟೈಪೆಂಡ್ ಇಲ್ಲದ ನಾಯಕತ್ವ ಶಿಬಿರವೆಂದರೆ ಶನಿವಾರ ದುಡಿಯಬೇಕಾದ ಅಗತ್ಯವಿಲ್ಲದ ಮಕ್ಕಳ ಶಿಬಿರ ಎಂದಷ್ಟೇ ಅರ್ಥ. ಕಾಲೇಜಿನ ಅರ್ಜಿಗೆ ಒಂದು ಸಾಲು ಗಿಟ್ಟಿಸಿಕೊಳ್ಳಲು ನಡೆಯುವ ಅಂಥ ಶಿಬಿರಗಳು ಈ ರಾಜ್ಯದಲ್ಲಿ ಸಾಕಷ್ಟಿವೆ. ಅವು ಮೋಸವೆಂದು ಅಂದೂ ಹೇಳುತ್ತಿದ್ದೆ, ಇಂದೂ ಹೇಳುತ್ತೇನೆ.

ನಮಗೆ ಮೊದಲು ಹಣ ಕೊಡುತ್ತಿದ್ದುದು ಒಂದು ಕಂಪನಿ. ಅದರ ಗೋದಾಮುಗಳಿಗೆ ಹಗಲಿರುಳು ಓಡಾಡುವ ಟ್ರಕ್ಕುಗಳ ಬಗ್ಗೆ ನಮ್ಮ ಮಕ್ಕಳು ಸಾರ್ವಜನಿಕ ಸಭೆಯೊಂದರಲ್ಲಿ ಪ್ರಶ್ನೆ ಕೇಳಿದರು. ಮರುವರ್ಷ ಆ ಕಂಪನಿಯಿಂದ ‘ಆದ್ಯತೆಗಳು ಬದಲಾಗಿವೆ’ ಎಂಬ ಎರಡು ಸಾಲಿನ ಈಮೇಲ್ ಬಂತು. ಬಾಗಿಲು ಮುಚ್ಚಲು ನಮಗೆ ನಾಲ್ಕು ತಿಂಗಳು ಉಳಿದಿದ್ದಾಗ ಯಾರೋ ಈ ಹಿರಿಯರ ವಿಳಾಸ ಕೊಟ್ಟರು.

ಧಾರವಾಡದ ಕಡೆಯವರು. ಔಷಧ ತಯಾರಿಸುವ ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಮೂವರು ಗೆಳೆಯರೊಂದಿಗೆ ಉಳಿತಾಯವನ್ನು ಒಟ್ಟುಹಾಕಿ ಒಂದು ಸಣ್ಣ ನಿಧಿ ಮಾಡಿದ್ದರು. ಬರುವ ಅರ್ಜಿಗಳನ್ನೆಲ್ಲ ಓದುವ ಕೆಲಸ ಇವರದು. ಅವರ ಕಚೇರಿಯೆಂದರೆ ಮನೆಯ ಊಟದ ಮೇಜು. ಅರ್ಧ ತೋಳಿನ ಅಂಗಿ, ಅದರ ಜೇಬಿನಲ್ಲಿ ಎರಡು ಪೆನ್ನು, ಒಂದು ಪೆನ್ಸಿಲ್, ಮಡಿಸಿದ ಒಂದು ಕಾರ್ಡು. ಯಾವ ಮಾತು ಮುಖ್ಯವೆನಿಸಿದರೂ ಅದು ಕಾರ್ಡಿನ ಮೇಲೆ ಹೋಗಿ ಜೇಬು ಸೇರುತ್ತಿತ್ತು.

ಮೊದಲ ಭೇಟಿಯಲ್ಲಿ ಅವರು ನನ್ನ ಇಪ್ಪತ್ತು ಪುಟದ ಅರ್ಜಿಯನ್ನು ಹಿಂದಿನಿಂದ ಮುಂದಕ್ಕೆ ತಿರುವಿದರು. ಆದರ್ಶಗಳಿದ್ದ ಪುಟಗಳಲ್ಲಿ ಎಲ್ಲಿಯೂ ನಿಲ್ಲಲಿಲ್ಲ.

“ಊಟ ಎಲ್ಲೆ ಅದರೀ ಇದರಾಗ?”

“‘ಇತರೆ’ ಅನ್ನೋದರಲ್ಲಿ ಸೇರಿದೆ ಸರ್.”

“ಯಾಕ, ಊಟ ಮಾಡೋದು ನಾಚಿಕಿ ಕೆಲಸೇನು?”

“ಫಂಡ್ ಕೊಡೋರು ಊಟ, ಕಾರಿನ ಗ್ಯಾಸ್ ಅಂತ ಕಂಡರೆ ಮೊದಲು ಅದನ್ನೇ ಕಟ್ ಮಾಡ್ತಾರೆ ಸರ್. ಅದಕ್ಕೇ ಹಾಗೆ ಬರೀತೀವಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಂದ್ರ, ನಿಮ್ಮ ಕಡಿಂದ ಸುಳ್ಳು ಬರಸೋರು ನಾವ ಆದ್ವಿ.” ಪೆನ್ಸಿಲ್ ತೆಗೆದು ‘ಇತರೆ’ ಎಂಬುದನ್ನು ಹೊಡೆದುಹಾಕಿ ‘ಊಟ’ ಎಂದೂ, ಅದರ ಕೆಳಗೆ ‘ಮಕ್ಕಳನ್ನು ಮನೆಗೆ ಬಿಡುವುದು’ ಎಂದೂ ಬರೆದರು. “ಹಸದ ಹುಡುಗರಿಗೆ ಸಂವಿಧಾನ ಹೇಳಿದ್ರ ಕಿವಿಯೊಳಗ ಹೋಗಂಗಿಲ್ಲ. ಮತ್ತ ಈ ದೇಶದಾಗ ಬಸ್ಸಂತೂ ಇಲ್ಲ. ಯಾರು ಬಿಡ್ತಾರ ಮನಿಗೆ, ಅದನ್ನ ಮೊದಲ ಬರೀರಿ.” ಅವರ ಶ್ರೀಮತಿಯವರು ಹಚ್ಚಿದ ಅವಲಕ್ಕಿಯ ತಟ್ಟೆಗಳನ್ನು ತಂದಿಟ್ಟು, “ಮೊದಲ ತಿನ್ನಲಿಕ್ಕೆ ಬಿಡ್ರಿ ಅವರಿಗೆ, ಆಮೇಲೆ ಅನ್ರಿ” ಎಂದರು.

ಹಣ ಕೊಡುವುದಾಗಿ ಹೇಳಿದ ಮೇಲೆ ಅವರು ಷರತ್ತನ್ನು ಮುಂದಿಟ್ಟರು. ಇಪ್ಪತ್ತನಾಲ್ಕು ಮಕ್ಕಳನ್ನು ಚೀಟಿ ಎತ್ತಿ ಆರಿಸಬೇಕು.

ನಾನು ದಂಗಾದೆ. ನಮ್ಮಲ್ಲಿ ಪ್ರಬಂಧ, ಸಂದರ್ಶನ, ಅಂಕಪಟ್ಟಿ ಎಲ್ಲ ಇತ್ತು. ಬಡತನಕ್ಕೆ ಇಷ್ಟು ಅಂಕ, ವಲಸೆಯ ಕಷ್ಟಕ್ಕೆ ಇಷ್ಟು ಅಂಕ ಎಂದು ನಾನೇ ತಿಂಗಳುಗಟ್ಟಲೆ ಕುಳಿತು ಮಾಡಿದ ವ್ಯವಸ್ಥೆ. ಚೀಟಿಗೆ ಇತಿಹಾಸ ಗೊತ್ತಿಲ್ಲ, ಸಮಾನರಲ್ಲದವರನ್ನು ಸಮಾನರೆಂದು ಎಣಿಸುವುದು ಹಳೆಯ ಅನ್ಯಾಯಕ್ಕೆ ಹೊಸ ಮೊಹರು ಒತ್ತಿದಂತೆ, ಎಂದು ವಾದಿಸಿದೆ. ಅವರು ಅಡ್ಡ ಬಾರದೆ ಪೂರ್ತಿ ಕೇಳಿದರು.

“ಕಳದ ವರ್ಷ ಯಾರಿಗೆ ಸಿಕ್ಕಿತ್ತು ಸೀಟು? ಪ್ರಬಂಧ ಚೆಂದ ಬರದವರಿಗೆ. ಪ್ರಬಂಧ ಯಾರು ಚೆಂದ ಬರೀತಾರ? ಟ್ಯೂಷನ್ ಇದ್ದವರು. ಹೌದೋ ಅಲ್ಲೋ?”

“ಅದನ್ನ ಸರಿ ಮಾಡೋಕೇ ಅಂಕ ಕೊಡೋದು ಸರ್.”

“ಕಷ್ಟಕ್ಕ ಅಂಕ ಕೊಟ್ರ ಕಷ್ಟ ಚೆಂದಂಗ ಬರಿಯೋರು ಬರ್ತಾರ. ಮೂವತ್ತು ವರ್ಷ ಗುಳಿಗಿ ಟೆಸ್ಟ್ ಮಾಡೀನಿ, ಮೇಡಮ್. ಡ್ರಮ್ಮಿನೊಳಗಿಂದ ಚೆಂದ ಕಾಣೋ ಗುಳಿಗಿ ಆರಿಸಿ ತಗದ್ರ ಡ್ರಮ್ಮಿನ ಬಗ್ಗೆ ಏನೂ ತಿಳಿಯಂಗಿಲ್ಲ. ನಿಮ್ಮ ಕಣ್ಣಿನ ಬಗ್ಗೆ ತಿಳೀತದ, ಅಷ್ಟ.”

“ಮಕ್ಕಳು ಮಾತ್ರೆ ಅಲ್ಲ ಸರ್.”

“ಅಲ್ಲ. ಅದಕ್ಕ ಇನ್ನೂ ಹುಷಾರಿರಬೇಕು.”

ಒಪ್ಪದೆ ಬೇರೆ ದಾರಿ ಇರಲಿಲ್ಲ. ಹಣವಿದ್ದವನ ಮಾತಿಗೆ ಒಪ್ಪಿಗೆ ಹಾಕಬೇಕಾಗಿ ಬಂದದ್ದು ನನಗೆ ಕಹಿಯಾಗಿತ್ತು. ದಾನವೆಂಬುದು ಯಾವಾಗಲೂ ಅಧಿಕಾರದ ಒಂದು ರೂಪವೇ ಎಂದು ನಂಬಿದವಳು ನಾನು, ಆ ನಂಬಿಕೆ ಈಗಲೂ ಬದಲಾಗಿಲ್ಲ. ಆದರೆ ಈ ಮನುಷ್ಯರು ಆ ಅಧಿಕಾರವನ್ನು ಬಳಸುತ್ತಿದ್ದ ರೀತಿ ವಿಚಿತ್ರವಾಗಿತ್ತು. ಕನ್ನಡ ಸಂಘದವರು ಒಮ್ಮೆ ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ ಎಂದಾಗ, “ಆ ಶಾಲಿನ ರೊಕ್ಕದಾಗ ಶನಿವಾರ ಹುಡುಗರಿಗೆ ಪಿಜ್ಜಾ ತರಸ್ರಿ, ಚೀಸ್ ಜಾಸ್ತಿ ಹಾಕಸ್ರಿ” ಎಂದು ಹೇಳಿ ಫೋನಿಟ್ಟಿದ್ದರು. ಕಾರ್ಯಕ್ರಮ ಹೇಗೆ ನಡೆಯುತ್ತಿದೆ ಎಂದು ವರದಿ ಕೇಳುತ್ತಿರಲಿಲ್ಲ. ಬದಲಿಗೆ ಮಕ್ಕಳು ಮಾತನಾಡುವ ಟೌನ್‌ಶಿಪ್ ಸಭೆಗಳಿಗೆ ತಾವೇ ಕಾರು ಓಡಿಸಿಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಫ್ಲಾಸ್ಕಿನ ಚಹದೊಂದಿಗೆ ಕೂರುತ್ತಿದ್ದರು. ಅಲ್ಲಿ ಅವರು ಒಮ್ಮೆಯೂ ಮೈಕಿನ ಬಳಿ ಹೋದವರಲ್ಲ. “ನೀವೂ ಮಾತಾಡಿ ಸರ್” ಎಂದರೆ ಕೈಗಡಿಯಾರ ತೋರಿಸಿ, “ನಾ ಟೈಮ್ ನೋಡಾಂವ” ಎನ್ನುತ್ತಿದ್ದರು. ಔಷಧಗಳ ಬೆಲೆಯ ಬಗ್ಗೆ, ತಾವು ದುಡಿದ ಉದ್ಯಮದ ಲೋಭದ ಬಗ್ಗೆ ನಾನು ಎಷ್ಟು ಕೆದಕಿದರೂ ಬಾಯಿ ಬಿಡುತ್ತಿರಲಿಲ್ಲ. ಇದು ಅವರ ದೊಡ್ಡ ಕೊರತೆಯೆಂದು ನಾನು ಮನಸ್ಸಿನಲ್ಲಿಯೇ ಬರೆದಿಟ್ಟುಕೊಂಡಿದ್ದೆ.

ಇನ್ನು ಲವೀನಾಳ ವಿಷಯ. ಹೆದ್ದಾರಿಗೆ ಅಂಟಿಕೊಂಡ ಊರೊಂದರ ಬಾಡಿಗೆ ಅಪಾರ್ಟ್‌ಮೆಂಟಿನ ಹುಡುಗಿ. ಆಗ ಹದಿನಾರು ವರ್ಷ. ತಂದೆ ತಾಯಿ ಕಾರ್ಕಳದ ಕಡೆಯವರು. ತಂದೆ ಒಂದು ಹೋಟೆಲಿನಲ್ಲಿ ಅಡುಗೆಯವರು, ತಾಯಿ ಇನ್ನೊಂದರಲ್ಲಿ ಕೋಣೆಗಳನ್ನು ಸ್ವಚ್ಛಮಾಡುವವರು. ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಶನಿವಾರ ಭಾನುವಾರ, ಕೆಲವು ಸಂಜೆಗಳಲ್ಲೂ, ಲವೀನಾ ಬೇಕರಿಯೊಂದರಲ್ಲಿ ದುಡಿಯುತ್ತಿದ್ದಳು. ಅವರ ಅಪಾರ್ಟ್‌ಮೆಂಟಿನಿಂದ ಹೈಸ್ಕೂಲಿಗೆ ಹೋಗುವ ರಸ್ತೆಗೆ ಸೈಡ್‌ವಾಕ್, ಅಂದರೆ ಫುಟ್‌ಪಾತ್, ಇರಲಿಲ್ಲ. ಚಳಿಗಾಲದಲ್ಲಿ ಹಿಮ ತೆಗೆಯುವ ಲಾರಿ ಹಿಮವನ್ನೆಲ್ಲ ರಸ್ತೆಯಂಚಿಗೆ ತಳ್ಳಿ ಹೋದ ಮೇಲೆ ಮಕ್ಕಳು ಕಾರುಗಳ ನಡುವೆಯೇ ನಡೆಯಬೇಕಿತ್ತು. ಕಾರಿದ್ದವರಿಗೆ ಕಾಣದ ಈ ಅನ್ಯಾಯವನ್ನು ಲವೀನಾ ತನ್ನ ಅರ್ಜಿಯಲ್ಲಿ ನಾಲ್ಕೇ ಸಾಲಿನಲ್ಲಿ ಬರೆದಿದ್ದಳು. ಅರ್ಜಿಯ ಬಗ್ಗೆ ವಿಚಾರಿಸಲು ಅವರ ಮನೆಗೆ ಹೋದಾಗ ಅವಳು ಒದ್ದೆ ಶೂಗಳಿಗೆ ಪತ್ರಿಕೆಯ ಕಾಗದ ತುರುಕುತ್ತ ಕುಳಿತಿದ್ದಳು. ಈ ಹುಡುಗಿಗೆ ಸೀಟು ಸಿಗಲೇಬೇಕೆಂದು ಆ ಕ್ಷಣ ತೀರ್ಮಾನಿಸಿದೆ. ಸ್ಟೈಪೆಂಡ್ ಸಿಕ್ಕರೆ ಬೇಕರಿ ಬಿಟ್ಟು ಶನಿವಾರ ನಮ್ಮಲ್ಲಿಗೆ ಬರಬಲ್ಲಳು, ಸಿಗದಿದ್ದರೆ ಇಲ್ಲ.

ಆ ವರ್ಷ ತೊಂಬತ್ತರ ಹತ್ತಿರ ಅರ್ಜಿಗಳು ಬಂದವು. ಹೆಸರುಗಳನ್ನು ಮುದ್ರಿಸಿ, ಕತ್ತರಿಸಿ, ಮಡಿಸುವ ಕೆಲಸ ನನ್ನದಾಗಿತ್ತು. ಲವೀನಾಳ ಹೆಸರನ್ನು ನಾನು ಮೂರು ಬಾರಿ ಮುದ್ರಿಸಿದೆ.

ಇದನ್ನು ಮೆತ್ತಗೆ ಹೇಳಲು ಇಷ್ಟವಿಲ್ಲ. ನಾನು ಮೋಸ ಮಾಡಿದೆ. ಆಗ ಅದಕ್ಕೆ ಬೇರೆ ಹೆಸರುಗಳನ್ನು ಕೊಟ್ಟುಕೊಂಡಿದ್ದೆ: ಪರಿಹಾರ, ಸಮತೋಲನ, ಸಾಮಾಜಿಕ ನ್ಯಾಯ. ಮೂರು ಚೀಟಿಗಳನ್ನೂ ಉಳಿದವುಗಳ ಜೊತೆ ಬೆರೆಸಿದೆ.

ಚೀಟಿ ಎತ್ತಿದ್ದು ಶನಿವಾರ ಮಧ್ಯಾಹ್ನ, ಸಾರ್ವಜನಿಕ ಗ್ರಂಥಾಲಯದ ಸಭಾಂಗಣದಲ್ಲಿ. ಮಕ್ಕಳು, ತಂದೆತಾಯಿಯರು ತುಂಬಿದ್ದರು. ನಮ್ಮ ಹಿರಿಯರು ಮನೆಯಿಂದ ಸ್ಟೀಲಿನ ದೊಡ್ಡ ಡಬ್ಬಿಯೊಂದನ್ನು ತಂದಿದ್ದರು. ಅವರ ಶ್ರೀಮತಿಯವರು ಚಕ್ಕುಲಿ ತುಂಬಿಡುವ ಡಬ್ಬಿ, ಮುಚ್ಚಳ ತೆಗೆದರೆ ಎಳ್ಳಿನ ವಾಸನೆ. ಮೊದಲು ಖಾಲಿ ಡಬ್ಬಿಯನ್ನು ತಲೆಕೆಳಗು ಮಾಡಿ, ತಳವನ್ನು ಬೆರಳ ಗೆಣ್ಣಿನಿಂದ ಎರಡು ಬಾರಿ ತಟ್ಟಿ, ಒಳಭಾಗವನ್ನು ಮೊದಲ ಸಾಲಿನವರಿಗೆಲ್ಲ ತೋರಿಸಿದರು. ಆಮೇಲೆ ಚೀಟಿಗಳನ್ನು ಸುರಿದು, ಮುಚ್ಚಳ ಬಿಗಿದು ಬಹಳ ಹೊತ್ತು ಕುಲುಕಿದರು.

ಹಿಂದಿನ ಸಾಲಿನಿಂದ ಬೆಂಗಳೂರಿನ ತಂದೆಯೊಬ್ಬರು, “ಏನ್ ಅಂಕಲ್ ಇದು, ಪಿಕ್ನಿಕ್‌ನಲ್ಲಿ ಹೌಸಿ ಆಡಿಸಿದ ಹಾಗೆ? ನನ್ನ ಮಗಳು ಸ್ಟ್ರೈಟ್ ಎ ಸ್ಟೂಡೆಂಟು!” ಎಂದರು. ಜನ ನಕ್ಕರು.

“ಹೌಸಿಯೊಳಗ ಗೆದ್ರ ಪ್ರೈಜ್ ಇರ್ತದ್ರೀ,” ಎಂದರು ಇವರು, ಕುಲುಕುವುದನ್ನು ನಿಲ್ಲಿಸದೆ. “ಇಲ್ಲೆ ಗೆದ್ರ ಕೆಲಸ ಅದ.”

ಚೀಟಿ ಎತ್ತಿದವರು ಗ್ರಂಥಾಲಯದ ಒಬ್ಬ ಮಹಿಳೆ, ಅಲ್ಲಿದ್ದ ಯಾವ ಮಗುವಿಗೂ ಸಂಬಂಧಪಡದವರು. ಏಳನೆಯದೋ ಎಂಟನೆಯದೋ ಲವೀನಾಳ ಹೆಸರು ಬಂತು. ಅವಳ ತಾಯಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. ಇಪ್ಪತ್ತನಾಲ್ಕು ಮುಗಿದು ಜನ ಕೋಟು ಹಾಕಿಕೊಳ್ಳಲು ಏಳತೊಡಗಿದಾಗ ಇವರು ಕೈ ಎತ್ತಿದರು.

“ಕೂಡ್ರಿ, ಕೂಡ್ರಿ. ಇನ್ನೂ ಮುಗದಿಲ್ಲ. ಬರಲಾರದವರ ಹೆಸರು ಓದಬೇಕು.”

ಒಪ್ಪಂದ ಪತ್ರದ ಅಂಚಿನಲ್ಲಿದ್ದ ಆ ವಾಕ್ಯದ ಅರ್ಥ ನನಗೆ ತಿಳಿದದ್ದು ಆಗ. ಅವರು ಡಬ್ಬಿಯೊಳಗೆ ಕೈ ಹಾಕಿ ಒಂದೊಂದೇ ಚೀಟಿ ಬಿಡಿಸಿ, ಪ್ರತಿಯೊಂದು ಹೆಸರನ್ನೂ ನಿಧಾನವಾಗಿ ಓದುತ್ತ ಹೋದರು. ಸ್ಪ್ಯಾನಿಷ್ ಹೆಸರು, ಚೀನೀ ಹೆಸರು, ತೆಲುಗು ಹೆಸರು. ಸರಿಯಾಗಿ ಉಚ್ಚರಿಸಲು ಬಾರದಿದ್ದರೆ ನಿಲ್ಲಿಸಿ ಆ ಮಗುವನ್ನೇ ಕೇಳಿ ಇನ್ನೊಮ್ಮೆ ಓದಿದರು. ಹೆಸರು ಕೇಳಿದ ಮಗು ಎದ್ದು ನಿಲ್ಲಬೇಕು, ಜನ ಚಪ್ಪಾಳೆ ತಟ್ಟಬೇಕು. ನಾನು ಗೋಡೆಗೆ ಒರಗಿ ನಿಂತಿದ್ದೆ. ಲವೀನಾಳ ಇನ್ನೆರಡು ಚೀಟಿಗಳು ಆ ಡಬ್ಬಿಯಲ್ಲೇ ಇದ್ದವು.

ಅರ್ಧ ದಾರಿಯಲ್ಲಿ ಒಂದು ಚೀಟಿಯನ್ನು ಬಿಡಿಸಿದವರು ಓದಲಿಲ್ಲ. ಅದನ್ನು ನೋಡಿದರು, ಹಾಗೇ ಮಡಿಸಿ ಜೇಬಿಗೆ ಹಾಕಿಕೊಂಡು ಮುಂದಿನದನ್ನು ತೆಗೆದರು. ಹತ್ತಾರು ಹೆಸರುಗಳ ನಂತರ ಇನ್ನೊಂದು ಹಾಗೆಯೇ ಜೇಬು ಸೇರಿತು. ಕೊನೆಗೆ ಡಬ್ಬಿಯನ್ನು ತಲೆಕೆಳಗು ಮಾಡಿ, ತಳ ತಟ್ಟಿ, ಒಳಗನ್ನು ಎಲ್ಲರಿಗೂ ತೋರಿಸಿದರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಮಾತನಾಡಿದ್ದು ಪಾರ್ಕಿಂಗ್ ಲಾಟಿನಲ್ಲಿ, ಅವರ ಕಾರಿನ ಪಕ್ಕ.

“ಒಂದು ಹೆಸರು, ಮೂರು ಚೀಟಿ. ಲ್ಯಾಬಿನಾಗ ಹಿಂಗಾಗಿದ್ರ ಇಡೀ ಬ್ಯಾಚ್ ಹೊರಗ ಹಾಕ್ತಿದ್ವಿ.”

ನಾನು ಸಮರ್ಥಿಸಿಕೊಂಡೆ. ಒದ್ದೆ ಶೂಗಳ ಬಗ್ಗೆ ಹೇಳಿದೆ, ಬೇಕರಿಯ ಬಗ್ಗೆ ಹೇಳಿದೆ, ಸಮಾನ ಅವಕಾಶವೆಂಬ ಮಾತಿನ ಸುಳ್ಳನ್ನು ಬಿಡಿಸಿ ಹೇಳಿದೆ. ಅವರು ತಲೆದೂಗಿದರು.

“ನೀವು ಹೇಳೋದು ಖರೆ ಇರಬಹುದು. ಆ ಹುಡುಗಿಗೆ ಮೂರು ಚೀಟಿ ಹಾಕಬೇಕು ಅಂತಿದ್ರ, ಎಲ್ಲಾರ ಮುಂದ ನಿಂತು ಹೇಳಿ ಹಾಕ್ರಿ. ನಾನೂ ಕೈ ಎತ್ತತಿದ್ನೋ ಏನೋ. ಕದ್ದು ಹಾಕಿದ್ರಲ್ಲ, ಇದು ಆ ಹುಡುಗಿಗೇ ಅವಮಾನ. ಉಳದ ಹುಡುಗರಿಗೂ ಅವಮಾನ.” ಕಾರಿನ ಬೀಗ ತೆಗೆಯುತ್ತ ಹೇಳಿದರು, “ಊರಾಗಿನ ಎಲ್ಲಾರ ತಪ್ಪಿಗೂ ನೀವು ಹೆಸರು ಹಿಡದು ಹೇಳ್ತೀರಿ. ನಂಗ ಅದು ಸೇರತದ. ಇದಕ್ಕೂ ಒಂದು ಹೆಸರು ಹೇಳ್ರಿ.”

“ಹಣ ನಿಲ್ಲಿಸ್ತೀರಾ ಸರ್?”

“ಇಲ್ಲ. ಯಾರಿಗೂ ಹೇಳಂಗೂ ಇಲ್ಲ. ಚೀಟಿ ನನ್ನ ಕಿಸೆದಾಗ ಇರ್ತಾವ. ನಿಮಗ ಯಾವಾಗ ಬೇಕೋ ಬಂದು ಇಸಕೊಳ್ರಿ.”

ಬೆದರಿಸಿದ್ದರೆ ಸುಲಭವಾಗಿರುತ್ತಿತ್ತು, ದಾನಿಯ ದರ್ಪವೆಂದು ಅವರ ಮೇಲೆ ಸಿಟ್ಟಾಗಬಹುದಿತ್ತು. ನಾಲ್ಕು ದಿನ ತಡೆದೆ. ಲವೀನಾ ಬೇಕರಿಗೆ ಕೆಲಸ ಬಿಡುವ ನೋಟಿಸ್ ಕೊಡಲು ಯೋಚಿಸುತ್ತಿದ್ದಾಳೆಂದು ಅವಳ ತಾಯಿ ಮೆಸೇಜ್ ಕಳಿಸಿದರು. ಅಂದು ಸಂಜೆ ಕೆಲಸ ಮುಗಿಸಿ ಹಿಲ್ಸ್‌ಬರೋಗೆ ಹೋದೆ.

ಅವರು ಏನೂ ಕೇಳದೆ ಎರಡು ಚೀಟಿಗಳನ್ನು ಮೇಜಿನ ಮೇಲೆ ಇಟ್ಟರು. ಶ್ರೀಮತಿಯವರು ಅವಲಕ್ಕಿ ತಂದಿಟ್ಟು ಒಳಗೆ ಹೋದರು. ಆ ಸಂಜೆ, ಅವರನ್ನು ಬಲ್ಲ ಇಷ್ಟು ಕಾಲದಲ್ಲಿ ಒಂದೇ ಒಂದು ಸಲ, ಅವರು ತಮ್ಮ ಬಗ್ಗೆ ಮಾತನಾಡಿದರು. ಈ ದೇಶಕ್ಕೆ ಬಂದ ಹೊಸತರಲ್ಲಿ, ವೀಸಾ ಕಂಪನಿಯ ಕೈಯಲ್ಲಿದ್ದಾಗ, ಒಂದು ಬ್ಯಾಚ್ ಮಾತ್ರೆ ಪರೀಕ್ಷೆಯಲ್ಲಿ ಫೇಲಾಯಿತಂತೆ. ಮೇಲಿನವನು ಇನ್ನೊಂದು ಸ್ಯಾಂಪಲ್ ತೆಗೆಯಲು ಹೇಳಿದ. ಅದೂ ಫೇಲಾಯಿತು. ಇನ್ನೊಂದು.

“ಪಾಸ್ ಆಗೋತನಕ ತಗದೆ. ಪಾಸ್ ಆದದ್ದನ್ನ ಅಷ್ಟ ಬರದೆ. ಉಳದದ್ದು ಎಲ್ಲೆ ಹೋತು, ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.”

“ಯಾರಿಗಾದರೂ ತೊಂದರೆ ಆಯ್ತಾ ಸರ್?”

“ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದ ಕಷ್ಟ.”

ನಾನು ಸುಮ್ಮನಿರುವ ಸ್ವಭಾವದವಳಲ್ಲ. ಹಾಗೆ ಮಾಡಿಸಿದ ಕಂಪನಿಯದು ಅಪರಾಧ, ಮನುಷ್ಯನ ನಾಲಿಗೆಯನ್ನು ಮಾಲೀಕನ ಮೇಜಿಗೆ ಕಟ್ಟಿಹಾಕುವ ವೀಸಾ ಪದ್ಧತಿಯದು ಅಪರಾಧ, ಗ್ರೀನ್ ಕಾರ್ಡ್ ಬಂದ ಮೇಲೂ ಬಾಯಿ ಬಿಡದೆ ಉಳಿದದ್ದು ನಿಮ್ಮ ಅಪರಾಧ, ಎಂದೆ. ಹಿರಿಯರಿಗೆ ಹಾಗೆ ಹೇಳಬಾರದಿತ್ತು ಎಂದು ನನಗೆ ಈಗಲೂ ಅನಿಸಿಲ್ಲ. ಅವರು ಬೇಸರಿಸಿಕೊಳ್ಳಲಿಲ್ಲ.

“ಮೂರೂ ಖರೆ,” ಎಂದರು. “ಅದಕ್ಕ ಬರಲಾರದ ಚೀಟಿ ಓದತೀನಿ. ನೀವು ನಾಕ ದಿವಸದಾಗ ಬಂದ್ರಿ, ತಂಗಿ. ನಂಗ ಮೂವತ್ತು ವರ್ಷ ಸಾಲಲಿಲ್ಲ.”

ಮೇಡಮ್ ಎನ್ನುತ್ತಿದ್ದವರು ತಂಗಿ ಎಂದದ್ದು ಅಂದೇ ಮೊದಲು.

ಲವೀನಾಳಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವರ ಅಡುಗೆಮನೆಯಲ್ಲಿ ನಿಂತೇ ಹೇಳಿದೆ. ತಾಯಿ, “ನೀವು ನಮ್ಮ ಒಳ್ಳೇದಕ್ಕೇ ಮಾಡಿದ್ದು ಮಾರಾಯ್ರೆ, ಅದು ಗೊತ್ತುಂಟು. ಆದರೆ ಈಗ ಇವಳು ಶಾಲೆಯಲ್ಲಿ ಎಲ್ಲರಿಗೂ ಹೇಳಿ ಆಯ್ತಲ್ಲ, ಎಂತ ಮಾಡುವುದು?” ಎಂದು ಸೆರಗಿನ ಬದಲು ಏಪ್ರನ್ನಿನ ತುದಿ ಹಿಂಡಿದರು. ಲವೀನಾ ನನ್ನ ಮುಖ ನೋಡದೆ ಇಂಗ್ಲಿಷಿನಲ್ಲಿ ಕೇಳಿದಳು: ಮೋಸ ಮಾಡಿದವರು ನೀವು, ಕಳೆದುಕೊಳ್ಳುವವಳು ಮಾತ್ರ ನಾನೇ? ಹೌದು ಎಂದೆ. ಅದೊಂದೇ ಪ್ರಾಮಾಣಿಕ ಉತ್ತರವಾಗಿತ್ತು.

ಮುಂದಿನ ಶನಿವಾರ ಎಲ್ಲ ಕುಟುಂಬಗಳನ್ನೂ ಮತ್ತೆ ಅದೇ ಸಭಾಂಗಣಕ್ಕೆ ಕರೆದೆವು. ನಾನು ಎದ್ದು ನಿಂತು ಹೇಳಿದೆ: ನಾನೇ ಮಾಡಿದ್ದು, ಲವೀನಾಳಿಗೆ ಗೊತ್ತಿರಲಿಲ್ಲ, ಇದು ವಂಚನೆ. ಹೌಸಿಯ ಮಾತಾಡಿದ್ದ ತಂದೆ ಕೂಗಾಡಿದರು; ಅವರ ಸಿಟ್ಟು ನ್ಯಾಯವಾಗಿತ್ತು. ಇಪ್ಪತ್ತನಾಲ್ಕು ಹೆಸರುಗಳೂ ಮತ್ತೆ ಡಬ್ಬಿಗೆ ಹೋಗಬೇಕಾಯಿತು. ಒಮ್ಮೆ ಸಿಕ್ಕ ಸೀಟನ್ನು ನನ್ನಿಂದಾಗಿ ಕಳೆದುಕೊಂಡ ಮಕ್ಕಳ ಮುಖಗಳು ನನಗೆ ನೆನಪಿವೆ. ಈ ಸಲ ಚೀಟಿಗಳನ್ನು ಮಕ್ಕಳೇ ಬರೆದು ಮಡಿಸಿದರು. ಲವೀನಾ ತನ್ನ ಹೆಸರನ್ನು ತಾನೇ ಬರೆದು, ಒಂದೇ ಒಂದು ಚೀಟಿಯನ್ನು ನನಗೆ ಕಾಣುವಂತೆ ಎತ್ತಿ ಹಿಡಿದು ಹಾಕಿದಳು. ಅದು ಬರಲಿಲ್ಲ. ಬಾರದವರ ಸರದಿಯಲ್ಲಿ ಹಿರಿಯರು ಅದನ್ನು ಓದಿದರು. ಅವಳು ಎದ್ದು ನಿಂತಳು. ಚಪ್ಪಾಳೆ ಎಲ್ಲರಿಗೂ ತಟ್ಟಿದಷ್ಟೇ ಬಿತ್ತು.

ನಿಧಿಯ ಉಳಿದ ಮೂವರು ಗೆಳೆಯರು ನಮ್ಮ ಅನುದಾನವನ್ನು ನಿಲ್ಲಿಸಬೇಕೆಂದು ಪಟ್ಟು ಹಿಡಿದರೆಂದು ಆಮೇಲೆ ತಿಳಿಯಿತು. ಇವರು ಕೊಟ್ಟ ಉತ್ತರವನ್ನು ಅವರಲ್ಲೊಬ್ಬರು ನನಗೆ ಹೇಳಿದರು: “ಹೇಳಿಕೊಂಡವರ ರೊಕ್ಕ ನಿಲ್ಲಿಸಿದ್ರ ಮುಂದಿನವರು ಹೇಳಂಗಿಲ್ಲ.” ನನ್ನನ್ನು ಒಂದು ವರ್ಷ ಆಯ್ಕೆಯ ಕೆಲಸದಿಂದ ದೂರವಿಟ್ಟರು. ಅದು ಸರಿಯಾಗಿಯೇ ಇತ್ತು.

ಬಾರದ ಚೀಟಿಗಳನ್ನು ಈ ಹಿರಿಯರು ಮನೆಗೆ ಒಯ್ಯುತ್ತಿದ್ದರು. ಪ್ರತಿ ಮಗುವಿಗೂ ಕೈಯಲ್ಲಿ ಬರೆದ ಒಂದು ಪತ್ರ ಹೋಗುತ್ತಿತ್ತು. ಅದರಲ್ಲಿ ಸಾಂತ್ವನದ ಮಾತಿರುತ್ತಿರಲಿಲ್ಲ. ಆ ಮಗುವಿನ ಊರಿನ ಟೌನ್‌ಶಿಪ್ ಸಭೆ ಯಾವ ವಾರ, ಎಷ್ಟು ಗಂಟೆಗೆ, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು, ಸಾರ್ವಜನಿಕರ ಸರದಿ ಕಾರ್ಯಸೂಚಿಯಲ್ಲಿ ಎಲ್ಲಿ ಬರುತ್ತದೆ, ಮನೆಗೆ ಬಿಡಲು ಯಾರಿಗೆ ಫೋನ್ ಮಾಡಬೇಕು, ಇಷ್ಟೇ. ಕೊನೆಯ ಸಾಲು ಎಲ್ಲ ಪತ್ರಗಳಲ್ಲಿಯೂ ಒಂದೇ: ‘ಅಲ್ಲಿಗೆ ಚೀಟಿ ಬೇಕಾಗಿಲ್ಲ.’ ಫೋನ್ ನಂಬರು ಅವರದೇ.

ಹೆಚ್ಚಿನ ಮಕ್ಕಳು ಹೋಗಲಿಲ್ಲ. ಲವೀನಾ ಮೂರು ತಿಂಗಳ ನಂತರ ಫೋನ್ ಮಾಡಿದಳಂತೆ. ಬೇಕರಿಯಿಂದ ನೇರವಾಗಿ ಅವರ ಕಾರಿನಲ್ಲಿ ಸಭೆಗೆ ಹೋದಳು. ಸೈಡ್‌ವಾಕಿನ ಬಗ್ಗೆ ಮಾತನಾಡಿದಳು. ಮೂರು ನಿಮಿಷ ಮುಗಿದಾಗ ವಾಕ್ಯ ಅರ್ಧಕ್ಕೇ ನಿಂತಿತು. ಹಿಂದಿನಿಂದ ಇವರು, “ಮುಂದಿನ ಸಲ ಅರ್ಧದಿಂದ ಶುರು ಮಾಡು” ಎಂದರಂತೆ. ಅವಳು ಮುಂದಿನ ಸಲವೂ ಹೋದಳು, ಅದರ ಮುಂದಿನ ಸಲವೂ ಹೋದಳು. ಎರಡು ವರ್ಷದ ಮೇಲೆ ಆ ರಸ್ತೆಯ ಅರ್ಧಕ್ಕೆ ಸೈಡ್‌ವಾಕ್ ಬಂತು. ಉಳಿದರ್ಧಕ್ಕೆ, ಒಂದು ಆಫೀಸ್ ಕಟ್ಟಡದ ಹುಲ್ಲುಹಾಸು ಶುರುವಾಗುವಲ್ಲಿಂದ, ಇನ್ನೂ ಬಂದಿಲ್ಲ. ಹುಲ್ಲಿಗೆ ಸಿಗುವ ರಕ್ಷಣೆ ಮಕ್ಕಳಿಗೆ ಸಿಕ್ಕಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಮರುವರ್ಷ ನಾನು ಒಂದು ಪ್ರಸ್ತಾಪವನ್ನು ಎಲ್ಲರ ಮುಂದೆ ಇಟ್ಟೆ. ಮನೆಯ ಆದಾಯ ಕಡಿಮೆಯೆಂದು ಶಾಲೆಯಲ್ಲಿ ರಿಯಾಯಿತಿಯ ಊಟ ಪಡೆಯುವ ಮಕ್ಕಳಿಗೆ ಎರಡು ಚೀಟಿ ಇರಲಿ, ಎರಡನೆಯದು ಹಳದಿ ಕಾಗದದ್ದಾಗಿರಲಿ, ಎಲ್ಲರಿಗೂ ಕಾಣಲಿ. ಸಭಾಂಗಣದಲ್ಲಿ ಒಂದು ಗಂಟೆ ವಾದವಾಯಿತು. ಮತಕ್ಕೆ ಹಾಕಿದಾಗ ಕೊನೆಯ ಸಾಲಿನಲ್ಲಿ ಫ್ಲಾಸ್ಕನ್ನು ಕೆಳಗಿಟ್ಟು ಅವರು ಕೈ ಎತ್ತಿದರು. ಸ್ವಲ್ಪದರಲ್ಲಿ ಪ್ರಸ್ತಾಪ ಗೆದ್ದಿತು. ಲವೀನಾಳಿಗೆ ಮತ್ತೆ ಅರ್ಜಿ ಹಾಕೆಂದು ಹೇಳಿ ಕಳಿಸಿದೆ. “ನೋ ಥ್ಯಾಂಕ್ಸ್ ಆಂಟಿ, ಐ ಹ್ಯಾವ್ ಮೀಟಿಂಗ್ಸ್” ಎಂದು ಉತ್ತರ ಬಂತು.

ತೀರಿಕೊಳ್ಳುವ ಕೆಲವು ತಿಂಗಳ ಮೊದಲು ಅವರು ಅನುದಾನವನ್ನು ಇನ್ನೂ ಮೂರು ವರ್ಷಕ್ಕೆ ಮುಂದುವರಿಸಿ ಸಹಿ ಹಾಕಿದ್ದರು. ಷರತ್ತು ಅದೇ, ಪೆನ್ಸಿಲಿನಲ್ಲಿ. ಕೊನೆಕೊನೆಗೆ ನಡೆಯಲು ಆಗದಿದ್ದಾಗ ಸಭೆಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತ, ಮಾತನಾಡಿದ ಮಕ್ಕಳಿಗೆ ಎಷ್ಟು ಸೆಕೆಂಡು ಉಳಿದಿತ್ತೆಂದು ಮೆಸೇಜ್ ಮಾಡುತ್ತಿದ್ದರು. ನಾನು ಕೊನೆಯ ಬಾರಿ ನೋಡಲು ಹೋದಾಗ, “ಆ ಬ್ಯಾಚಿನ ವಿಷಯ ಬರೀರಿ, ತಂಗಿ. ಹೆಸರು ಬ್ಯಾಡ, ವಿಷಯ ಬರೀರಿ” ಎಂದರು. ಬರೆದಿದ್ದೇನೆ.

ಈ ಸಲದ ಚೀಟಿ ಎತ್ತಿದ್ದು ಅವರಿಲ್ಲದ ಮೊದಲ ಸಲ. ಡಬ್ಬಿಯನ್ನು ಅವರ ಶ್ರೀಮತಿಯವರು ಸ್ವತಃ ತಂದರು. ಬಾರದವರ ಹೆಸರನ್ನು ಯಾರು ಓದಬೇಕೆಂಬ ಪ್ರಶ್ನೆ ಬಂದಾಗ ಅವರು, “ಆ ಸೈಡ್‌ವಾಕಿನ ಹುಡುಗಿ ಓದಲಿ” ಎಂದರು. ಲವೀನಾ ಈಗ ಕೌಂಟಿ ಕಾಲೇಜಿನಲ್ಲಿದ್ದಾಳೆ. ಗ್ರೀನ್ ಕಾರ್ಡೇ ಇನ್ನೂ ಬಂದಿಲ್ಲ, ಪೌರತ್ವ ಇನ್ನೂ ದೂರ, ಅವಳಿಗೆ ಮತವಿಲ್ಲ. ಆದರೂ ಅವಳ ಊರಿನ ಟೌನ್‌ಶಿಪ್ ಸಭೆಯಲ್ಲಿ ಅವಳ ಹೆಸರು ಗೊತ್ತಿಲ್ಲದವರಿಲ್ಲ.

ಅವಳು ಒಂದೊಂದೇ ಚೀಟಿ ಬಿಡಿಸಿ, ಒಂದೊಂದೇ ಹೆಸರನ್ನು ಓದಿದಳು. ಎಲ್ಲಿಯೂ ಅವಸರ ಮಾಡಲಿಲ್ಲ. ಉಚ್ಚರಿಸಲು ಬಾರದ ಕಡೆ ನಿಲ್ಲಿಸಿ ಕೇಳಿದಳು. ಎಲ್ಲ ಮುಗಿದ ಮೇಲೆ ಡಬ್ಬಿಯನ್ನು ತಲೆಕೆಳಗು ಮಾಡಿ, ಬೆರಳ ಗೆಣ್ಣಿನಿಂದ ತಳವನ್ನು ಎರಡು ಬಾರಿ ತಟ್ಟಿದಳು. ಇನ್ನು ಒಳಗನ್ನು ಮೊದಲ ಸಾಲಿನವರಿಗೆ ತೋರಿಸಬೇಕು. ಅವಳು ಅತ್ತ ಹೋಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ನನ್ನ ಬಳಿಗೆ ಡಬ್ಬಿ ಹಿಡಿದುಕೊಂಡು ಬಂದಳು.

“ಆಂಟಿ, ಫಸ್ಟ್ ನೀವು ನೋಡಿ,” ಎಂದಳು, ನಗದೆ.

ನಾನು ಬಗ್ಗಿ ನೋಡಿದೆ. ಎಳ್ಳಿನ ವಾಸನೆ ಇನ್ನೂ ಇತ್ತು. ಡಬ್ಬಿ ಖಾಲಿಯಾಗಿತ್ತು.